ಜವರನ ಹ್ಯಾಟೆಗೆ ಗೂಡು: ಕೊಳ್ಳೋದಾ, ಕಟ್ಟೋದಾ

ಒಂದಾನೊಂದು ಊರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಹೌದಾ ಅಲ್ಲವಾ ಎಂದು ತೀರ್ಮಾನಕ್ಕೆ ಕೂರುತ್ತಾರೆ. ಕತೆ ಅಲ್ಲೇ ನಿಂತುಹೋಗುತ್ತದೆ.

ಆ ಊರಲ್ಲಿ ಜವರ ಅಂತ ಒಬ್ಬ. ಹೆಂಡತಿ ಚಿಕ್ಕತಾಯಿ ತೀರಿಹೋಗಿದ್ದಳು. ಹೋಗುವಾಗ ಒಂದು ಹ್ಯಾಟೆ ಕೋಳಿ ಬಿಟ್ಟುಹೋಗಿದ್ದಳು. ಕೆಂಪು ಹ್ಯಾಟೆ. ಮೊಟ್ಟೆ ಕಮ್ಮಿ, ಮಾತು ಜಾಸ್ತಿ.

ಚಿಕ್ಕತಾಯಿ ಇದ್ದಾಗ ಸಂಜೆಯಾದರೆ ಹ್ಯಾಟೆಯನ್ನು ಒಲೆ ಪಕ್ಕ ಕೂರಿಸಿ ಮೇಲೆ ಮಂಕರಿ ಕವುಚುತ್ತಿದ್ದಳು. ಬೆಳಗಾದರೆ ಮಂಕರಿ ಎತ್ತುತ್ತಿದ್ದಳು. ತಿಥಿಗೆ ಬಂದ ನೆಂಟರು, ಸತ್ತವಳ ಬುಟ್ಟಿ ಮನೆಯಲ್ಲಿ ಇರಬಾರದು ಎಂದು ಮಂಕರಿಯನ್ನು ಹೊಳೆಗೆ ಬಿಟ್ಟರು. ಬಿಟ್ಟು ಬಂದು ಉಂಡರು. ಉಂಡು ಹೋದರು.

ಹ್ಯಾಟೆ ಹಿತ್ತಲ ಗೋಡೆ ಮೇಲೆ ಹೋಗಿ ಕೂತಿತು. ಜವರ ಒಳಗೆ ಬಾ ಎಂದು ಕರೆದ. ಒಳಗೆ ಯಾರೂ ಇಲ್ಲ ಎಂದಿತು ಹ್ಯಾಟೆ. ನಾನಿದ್ದೀನಲ್ಲ ಎಂದ.

"ನಿನ್ನ ಯಾರು ಲೆಕ್ಕಕ್ಕೆ ಇಟ್ಟವ್ರೆ" ಎಂದಿತು.

ಜವರನಿಗೆ ಅದೂ ಸರಿಯೇ ಅನ್ನಿಸಿತು.

ಮಾರನೆಯ ದಿನ ಒಂದು ಕಾಡುಬೆಕ್ಕು ಬಂತು. ಬಹಳ ಮರ್ಯಾದಸ್ಥ ಬೆಕ್ಕು. ಬಾಗಿಲ ಹತ್ತಿರ ಕೆಮ್ಮಿ, ಕಾಲು ಒರೆಸಿಕೊಂಡು ನಿಂತಿತು.

"ಗೂಡಿರೋ ಕೋಳಿ ಕೋಳಿ ಕಣಣ್ಣ. ಗೂಡಿಲ್ಲದ್ದು ಸಾರು. ಅಮಾಸೆ ದಿನ ದೀಪ ಹಚ್ಚೋ ಹೊತ್ಗೆ ಬತ್ತೀನಿ. ಗೂಡಿದ್ರೆ ನೋಡ್ಕಂಡು ಹೋಯ್ತೀನಿ. ಇಲ್ದಿದ್ರೆ ತಿಂದ್ಕಂಡು ಹೋಯ್ತೀನಿ."

ಜವರ ಯೋಚನೆ ಮಾಡಿದ. ಚಿಕ್ಕತಾಯಿ ಕಾಳು ಹಾಕುವಾಗ ಬಾ ಬಾ ಬಾ ಎಂದು ಕರೆಯುತ್ತಿದ್ದಳು. ಆ ದನಿ ಗೊತ್ತಿರುವುದು ಈ ಹ್ಯಾಟೆಗೆ ಮತ್ತು ಅವನಿಗೆ. ಇದು ಸಾರಾದರೆ ಅವನು ಯಾರ ಜೊತೆ ಕೂರಬೇಕು.

ಮಚ್ಚು ತೆಗೆದುಕೊಂಡು ಬಿದಿರು ಕಡಿಯಲು ಹೊರಟ. ಎದುರಿಗೆ ಬಂದವನೊಬ್ಬ, ಪಟ್ಟಣದಲ್ಲಿ ಪೆಟ್ಟಿಗೆಯಲ್ಲಿಟ್ಟು ಗೂಡು ಮಾರುತ್ತಾರೆ, ಕಟ್ಟುವವನು ದಡ್ಡ ಎಂದ. ಜವರ ಮಚ್ಚು ಕೆಳಗಿಟ್ಟ. ಇನ್ನೊಬ್ಬ ಬಂದು, ಕೈಕಾಲು ಇದ್ದೂ ಗೂಡು ಕೊಳ್ಳುವವನು ಸೋಂಬೇರಿ ಎಂದ. ಜವರ ಮಚ್ಚು ಎತ್ತಿಕೊಂಡ. ಮೊದಲನೆಯವನು ನಕ್ಕ. ಜವರ ಮತ್ತೆ ಕೆಳಗಿಟ್ಟ. ಅವನು ಮಾಡಿದ ತಪ್ಪು ಅದೇ. ಊರಿನವರು ಹೇಳಿದ್ದನ್ನು ಕೇಳಿಸಿಕೊಂಡ.

ಸುದ್ದಿ ರಾಜನಿಗೆ ಹೋಯಿತು. ಆ ರಾಜನಿಗೆ ದೊಡ್ಡ ವಿಷಯ ಬಂದರೆ ನಿದ್ದೆ ಬರುತ್ತಿತ್ತು. ಸಣ್ಣ ವಿಷಯ ಬಂದರೆ ಎದ್ದು ಕೂರುತ್ತಿದ್ದ. ಶತ್ರುಗಳು ಗಡಿ ದಾಟಿದ್ದಾರೆ ಎಂದರೆ, ಬಂದವರಿಗೆ ನೀರು ಕೊಡಿ ಎಂದು ಮಗ್ಗಲು ಬದಲಾಯಿಸುತ್ತಿದ್ದ. ಕೋಳಿಗೂಡು ಕೊಳ್ಳೋದಾ ಕಟ್ಟೋದಾ ಎಂದು ಕೇಳಿದ್ದೇ ತಡ, ಗರಿಯ ಪೇಟ ಸುತ್ತಿಕೊಂಡು ಓಡಿಬಂದ. ಹಿಂದೆ ಊರೆಲ್ಲಾ ಬಂತು. ಇದು ನಿನ್ನೊಬ್ಬನ ಕೈಲಿ ಆಗುವ ಕೆಲಸವಲ್ಲ ಜವರ, ಪಕ್ಕಕ್ಕೆ ನಿಲ್ಲು ಎಂದ. ಜವರ ಪಕ್ಕಕ್ಕೆ ನಿಂತ.

ಮೊದಲು ಕೊಳ್ಳೋಣ ಎಂದಾಯಿತು. ಪಟ್ಟಣದಿಂದ ಪೆಟ್ಟಿಗೆ ಬಂತು. ಮೈತುಂಬ ಮೊಳೆ ಹೊಡೆದ ಪೆಟ್ಟಿಗೆ. ಒಳಗೆ ಹಲಗೆ, ತಂತಿ, ಬಾಗಿಲು ಎಲ್ಲಾ ಇದೆ, ಜೋಡಿಸಿದರೆ ಗೂಡು. ಪೆಟ್ಟಿಗೆಗೆ ಬಾಯಿಯೂ ಇತ್ತು. ನಾನು ಪಟ್ಟಣದ ಗೂಡು, ಹಳ್ಳಿ ಕೋಳಿ ಕಾಲು ತೊಳೆದುಕೊಂಡು ಬರಲಿ ಎಂದಿತು.

ಜವರ ಮೊಳೆ ಕೀಳಲು ಹೋದ. ಊರಿನವರು ಕೈ ಹಿಡಿದರು. ಹೊಸ ಮನೆಗೆ ಹಾಲುಕ್ಕಿಸದೆ ಯಾರಾದರೂ ಕೈ ಹಾಕುತ್ತಾರಾ? ಪೆಟ್ಟಿಗೆಯಲ್ಲಿ ಮನೆ ಇದೆ ಅಂದಮೇಲೆ ಪೆಟ್ಟಿಗೆಗೆ ಗೃಹಪ್ರವೇಶ ಆಗಬೇಕು. ಮಾವಿನ ತೋರಣ ಕಟ್ಟಿದರು. ಪೆಟ್ಟಿಗೆ ಮುಂದೆ ಒಲೆ ಹೂಡಿ ಹಾಲುಕ್ಕಿಸಿದರು. ಅರಿಶಿನ ಕುಂಕುಮ ಹಚ್ಚಿದರು. ಪಾಯಸ ಮಾಡಿ ತಾವೇ ತಿಂದರು. ಆಮೇಲೆ ಜವರ ಮತ್ತೆ ಮೊಳೆಗೆ ಕೈ ಹಾಕಿದ.

ಪೆಟ್ಟಿಗೆ ಗಂಭೀರವಾಗಿ ಹೇಳಿತು. "ಹಾಲುಕ್ಕಿದ ಮ್ಯಾಲೆ ನಾನು ಮನೆ. ಮನೆ ಕೆಡವ್ತೀಯೇನಯ್ಯ?"

ಊರಿನವರು ನಾಲಿಗೆ ಕಚ್ಚಿಕೊಂಡರು. ಹೌದಲ್ಲ. ಗೃಹಪ್ರವೇಶ ಆದ ಮನೆಯ ಮೊಳೆ ಕೀಳುವುದು ಅಪಶಕುನ. ಹಾಗಾದರೆ ಹ್ಯಾಟೆ ಒಳಗೆ ಹೋಗುವುದು ಹೇಗೆ ಎಂದು ಜವರ ಕೇಳಿದ. ಅದು ಹ್ಯಾಟೆಯ ಕಷ್ಟ ಎಂದ ರಾಜ.

ಹಾಗಾದರೆ ಕಟ್ಟೋಣ ಎಂದಾಯಿತು. ಬಡಗಿ ನಿಂಗಾಚಾರಿಯನ್ನು ಕರೆಸಿದರು. ಮನೆ ಕಟ್ಟಬೇಕಾದರೆ ಅಳತೆ ಕೂಡಿಬರುತ್ತದಾ ಎಂದು ಆಯ ನೋಡಬೇಕು, ಆಯ ನೋಡಲು ಯಜಮಾನನ ಕೈಯಳತೆ ಬೇಕು ಎಂದ ಆಚಾರಿ. ಜವರ ಕೈ ಚಾಚಿದ.

"ಗೂಡಲ್ಲಿ ನೀನು ಮಲಗೀಯಾ?"

"ಇಲ್ಲ. ಹ್ಯಾಟೆ."

"ಮಲಗೋರ ಕೈ ಕೊಡಪ್ಪ ಮತ್ತೆ."

ಹ್ಯಾಟೆಗೆ ಕೈ ಎಲ್ಲಿಂದ ಬರಬೇಕು. ರೆಕ್ಕೆ ನಡೆಯುವುದಿಲ್ಲ ಎಂದ ಆಚಾರಿ, ರೆಕ್ಕೆ ಅಳತೆಗೆ ಕಟ್ಟಿದರೆ ಗೂಡು ಹಾರಿಹೋಗುತ್ತದೆ. ಕೈ ಇರುವ ಕೋಳಿಯನ್ನು ಹುಡುಕಿ ತನ್ನಿ ಎಂದು ರಾಜ ಆಳುಗಳನ್ನು ಕಳಿಸಿದ. ಅವರು ಊರೂರು ಅಲೆದು ಒಬ್ಬ ಕೋಳಿ ಮಾರುವವನನ್ನು ಹಿಡಿದುತಂದರು. ಇವನಿಗೆ ಕೈ ಇದೆ, ಕೋಳಿಯೂ ಇದೆ ಎಂದರು. ಆಚಾರಿ ಸುತ್ತ ತಿರುಗಿ ನೋಡಿದ. ಎರಡೂ ಒಂದೇ ಮೈಮೇಲೆ ಇಲ್ಲ ಎಂದು ತಲೆಯಾಡಿಸಿದ. ಕೋಳಿ ಮಾರುವವನು ತನ್ನದೇನು ತಪ್ಪು ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆದರೂ ಕ್ಷಮಿಸಿ ಕಳಿಸಿದರು.

ಅಷ್ಟರಲ್ಲಿ ಮೋಡ ಕಟ್ಟಿತು. ಪೆಟ್ಟಿಗೆ ಅಳತೊಡಗಿತು. ನಾನು ಪಟ್ಟಣದ ಗೂಡು, ನೆನೆದರೆ ಉಬ್ಬಿಹೋಗುತ್ತೇನೆ, ನನಗೊಂದು ಸೂರು ಮಾಡಿ ಎಂದಿತು. ಊರಿನವರ ಕರುಳು ಚುರುಕ್ ಅಂದಿತು. ನೋಡಿ, ಜವರ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಅವರ ಕರುಳು ಇಷ್ಟು ಚುರುಕಾಗಿರಲಿಲ್ಲ. ಪೆಟ್ಟಿಗೆಗೆ ಆಯದ ತೊಂದರೆ ಇಲ್ಲ, ಪೆಟ್ಟಿಗೆಯೇ ಅಳತೆ ಎಂದ ಆಚಾರಿ. ಮರ ಸಾಲಲಿಲ್ಲ. ರಾಜ ಅರಮನೆಯ ಬಾಗಿಲು ಬಿಚ್ಚಿಕೊಟ್ಟ. ಆಮೇಲೆ ತೊಲೆ. ಆಮೇಲೆ ಹೆಂಚು. ಆಮೇಲೆ ಗೋಡೆಯ ಕಲ್ಲು. ಕಣ್ಣು ಮಿಟುಕಿಸುವಷ್ಟರಲ್ಲಿ ಪೆಟ್ಟಿಗೆಗೆ ಭರ್ಜರಿ ಮನೆ ಎದ್ದಿತು. ಅರಮನೆ ಇದ್ದ ಜಾಗದಲ್ಲಿ ಗಾಳಿ ಓಡಾಡುತ್ತಿತ್ತು.

ಜವರ ಆ ಮನೆಯನ್ನು ನೋಡಿದ. "ಬುದ್ಧಿ, ಹ್ಯಾಟೇನೂ ಇದ್ರಾಗೇ ಬುಡಾನ. ಮೂಲೇಲಿ ಇರ್ತದೆ."

ರಾಜನಿಗೆ ಅವನ ದಡ್ಡತನ ನೋಡಿ ಅಯ್ಯೋ ಅನ್ನಿಸಿತು. "ಇದು ಪೆಟ್ಟಿಗೆ ಮನೆ ಕಣಯ್ಯ. ಕೋಳಿ ಮನೆ ಪೆಟ್ಟಿಗೆ ಒಳಗೈತೆ."

ಊರೆಲ್ಲಾ ಭೇಷ್ ಎಂದಿತು. ಜವರ ಮನೆಗೆ ಬಂದ. ಆ ದಿನ ಅಮಾವಾಸ್ಯೆ.

ದೀಪ ಹಚ್ಚುವ ಹೊತ್ತು. ಹ್ಯಾಟೆ ಗೋಡೆ ಮೇಲೆ ಮುದುರಿ ಕೂತಿತ್ತು. ಅವತ್ತು ಮಾತಿಲ್ಲ. ಬಾಗಿಲ ಹತ್ತಿರ ಬೆಕ್ಕು ಕೆಮ್ಮಿತು. ಜವರ ಯಾರನ್ನೂ ಕೇಳಲಿಲ್ಲ. ಹ್ಯಾಟೆಯನ್ನು ಎತ್ತಿಕೊಂಡು ನೆಲದ ಮೇಲೆ ಕೂತ. ಮಂಡಿ ಮಡಚಿ ಎದೆಗೆ ಒತ್ತಿಕೊಂಡ. ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಮೇಲೆ ಕಂಬಳಿ ಎಳೆದುಕೊಂಡ. ಹ್ಯಾಟೆ ಒಳಗಾಯಿತು.

ಬೆಕ್ಕು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

"ಇದೇನಣ್ಣ?"

"ಗೂಡು."

"ಕೊಂಡಿದ್ದಾ, ಕಟ್ಟಿದ್ದಾ?"

"ಎರಡೂ ಅಲ್ಲ. ಅವಳು ಬುಟ್ಟೋದದ್ದು."

ಬೆಕ್ಕು ಅವನ ಬೆನ್ನಿನ ಮೇಲೆ ಬೆರಳಿಂದ ತಟ್ಟಿತು. ಕಿವಿಯಿಟ್ಟು ಕೇಳಿತು. "ಎದೆ ಒಳಗೆ ಖಾಲಿ ಐತಲ್ಲ" ಎಂದಿತು.

"ಖಾಲಿ ಇದ್ರೆ ತಾನೆ ಗೂಡು" ಎಂದ ಜವರ.

ಬೆಕ್ಕಿಗೆ ನ್ಯಾಯ ಅಂದರೆ ನ್ಯಾಯ. ಸರಿಯಾಗಿದೆ ಎಂದು ತಲೆದೂಗಿ ಹೊರಟುಹೋಯಿತು. ಆದರೆ ಹೊಟ್ಟೆ ಹಸಿದಿತ್ತು. ದಾರಿಯಲ್ಲಿ ನೋಡಿದರೆ, ಬಯಲಲ್ಲಿ ಗಾಳಿಗೆ ನಡುಗುತ್ತಾ ರಾಜ ಕುಕ್ಕರಗಾಲಲ್ಲಿ ಕೂತಿದ್ದಾನೆ. ತಲೆ ಮೇಲೆ ಗರಿ. ಸುತ್ತ ಊರು. ಪೆಟ್ಟಿಗೆ ಮನೆಗೆ ಸುಣ್ಣವಾ ಬಣ್ಣವಾ ಎಂದು ಚರ್ಚೆ.

ನಿಮ್ಮ ಗೂಡೆಲ್ಲಿ ಬುದ್ಧಿ ಎಂದು ಬೆಕ್ಕು ಕೇಳಿತು. ಇತ್ತು, ಈಗಿಲ್ಲ ಎಂದ ರಾಜ. ಬೆಕ್ಕು ಮೀಸೆ ಸವರಿಕೊಂಡಿತು. ರಾಜನಿಗೆ ಅರ್ಥವಾಯಿತು.

"ನಾನು ಕೋಳಿ ಅಲ್ಲ."

"ಅದನ್ನ ಯಾರು ತೀರ್ಮಾನ ಮಾಡಿದ್ರು?"

ರಾಜನ ಕಣ್ಣು ಅರಳಿತು. ಯಾರೂ ಮಾಡಿರಲಿಲ್ಲ. ಇಷ್ಟು ಸಣ್ಣ ವಿಷಯ ಅವನಿಗೆ ಇದುವರೆಗೆ ಸಿಕ್ಕಿರಲಿಲ್ಲ. ಆಗಲೇ ಸಭೆ ಸೇರಿಸಿದ. ಮೊಟ್ಟೆ ಇಡುವುದಿಲ್ಲ, ಆದ್ದರಿಂದ ಕೋಳಿಯಲ್ಲ ಎಂದರು ಕೆಲವರು. ಹುಂಜವೂ ಇಡುವುದಿಲ್ಲ ಎಂದರು ಇನ್ನು ಕೆಲವರು. ಕೈ ಇದೆಯಲ್ಲ ಎಂದ ಒಬ್ಬ. ಕೈ ಇರುವ ಕೋಳಿಯನ್ನೇ ಅಲ್ಲವೇ ನಾವು ಹುಡುಕಿದ್ದು ಎಂದು ಆಚಾರಿ ಅಳತೆ ಕೋಲು ತೆಗೆದ. ಸಭೆ ಇನ್ನೂ ನಡೆಯುತ್ತಿದೆ. ಬೆಕ್ಕು ಪಕ್ಕದಲ್ಲಿ ಕೂತು ಅಂಗಾಲು ನೆಕ್ಕುತ್ತಾ ಕಾಯುತ್ತಿದೆ. ಅವಸರವಿಲ್ಲ.

ಜವರ ಈಗ ಬಗ್ಗಿಯೇ ನಡೆಯುತ್ತಾನೆ. ಕಂಡವರು ಪಾಪ ಮುಪ್ಪು ಎನ್ನುತ್ತಾರೆ. ಎದೆ ಹತ್ತಿರ ಕಂಬಳಿ ಅಲ್ಲಾಡುವುದನ್ನು ಅವರು ನೋಡಿಲ್ಲ.

ಇದರಿಂದ ತಿಳಿಯುವ ನೀತಿ ಏನು ಎಂದು ಕೇಳಬೇಡಿ. ರಾಜನಿಗೇ ತಿಳಿಯಲಿಲ್ಲ, ನಿಮಗೇನು ತಿಳಿದೀತು. ಕೇಳಿದ ಕಿವಿ ಮುಚ್ಚಿಕೊಳ್ಳಿ, ಹೇಳಿದ ಬಾಯಿ ಮುಚ್ಚಿತು. ಕತೆ ತನ್ನ ಮನೆಗೆ ಹೋಯಿತು.