ನಂದಾದೀಪದ ತುಪ್ಪ

ಯರೇಕೊಪ್ಪದ ಪೂಜ್ಯ ಗುರುಸಿದ್ಧಮ್ಮ ತಾಯಿಯವರ ಮಠ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಒಳಗೆ ಅವರ ಗುರುಗಳ ಗದ್ದುಗೆ, ಗದ್ದುಗೆಯ ಮುಂದೆ ಒಂದು ನಂದಾದೀಪ. ಭಕ್ತರು ಅಮೃತಶಿಲೆ ಹಾಸಿಸುತ್ತೇವೆಂದು ಬಂದರೆ, "ಜಾರಿ ಬಿದ್ದೇನಪ್ಪಾ, ಬ್ಯಾಡ" ಎಂದು ತಾಯಿಯವರು ನಕ್ಕು ತಳ್ಳಿಹಾಕುತ್ತಿದ್ದರು. ಆ ಸೋಮವಾರ ಮುಂಜಾನೆ ಅವರು ಮೊರ ಹಿಡಿದು ದಾಸೋಹದ ಹುರುಳಿಯಲ್ಲಿ ಹರಳು ಆರಿಸುತ್ತ ಕುಳಿತಿದ್ದರು. ವಯಸ್ಸಾಗಿತ್ತು. ಬರುವವರ ದುಃಖ ಕೇಳಿ ಕೇಳಿ ದೇಹವೂ ದಣಿದಿತ್ತು.

ಅಡಿವೆಪ್ಪ ತುಪ್ಪದ ಗಿಂಡಿ ಹಿಡಿದು ಬಂದು ಸಾಷ್ಟಾಂಗ ಬಿದ್ದ. ಪೇಟೆಯಲ್ಲಿ ಅವನ ಕಿರಾಣಿ ಅಂಗಡಿ. ಅಜ್ಜನ ಕಾಲದಿಂದ ಮನೆತನದ ಅಡ್ಡಹೆಸರೇ 'ತುಪ್ಪದ'. ಅವನ ಡಬ್ಬಿಗಳ ಮೇಲೆ 'ತುಪ್ಪದ ಅವರ ಜವಾರಿ ಆಕಳ ತುಪ್ಪ' ಎಂಬ ಬಂಗಾರದ ಬಣ್ಣದ ಚೀಟಿ. ಅಜ್ಜನ ಕಾಲದಲ್ಲಿ ಒಳಗೂ ತುಪ್ಪವಿತ್ತು. ಮೊಮ್ಮಗನ ಕಾಲಕ್ಕೆ ಅಡ್ಡಹೆಸರೊಂದೇ ಅಪ್ಪಟವಾಗಿ ಉಳಿದಿತ್ತು.

ದೂರದ ಊರಿನಿಂದ ಅವನಿಗೆ ದೊಡ್ಡ ಟಿನ್ನುಗಳು ಬರುತ್ತಿದ್ದವು. 'ದೀಪಕ್ಕೆ ಮಾತ್ರ, ಊಟಕ್ಕಲ್ಲ' ಎಂದು ಅವುಗಳ ಮೇಲೆಯೇ ಅಚ್ಚಾಗಿರುತ್ತಿತ್ತು. ಅಡಿವೆಪ್ಪ ಅವುಗಳೊಳಗಿನ ಅಗ್ಗದ ಜಿಡ್ಡನ್ನು ಕಾಯಿಸಿ, ವಾಸನೆಗೆ ಒಂದಿಷ್ಟು ನಿಜವಾದ ತುಪ್ಪ ಬೆರೆಸಿ, ಡಬ್ಬಿ ತುಂಬಿ ಚೀಟಿ ಅಂಟಿಸುತ್ತಿದ್ದ. ಹಾಗೆಂದು ಅವನು ದೈವಭಕ್ತಿಯಿಲ್ಲದವನಲ್ಲ. ಮನೆಯ ಆಕಳ ಹಾಲಿನಿಂದ ಹೆಂಡತಿ ಕಡೆದು ಕಾಯಿಸಿದ ತುಪ್ಪವನ್ನು ಬೆರಳಿಗೂ ಹಚ್ಚಿಕೊಳ್ಳದೆ ಸೋಮವಾರಕ್ಕೊಮ್ಮೆ ಮಠದ ನಂದಾದೀಪಕ್ಕೆ ತಂದು ಎರೆಯುತ್ತಿದ್ದ. ಮನುಷ್ಯರಿಗೆ ದೀಪದ್ದು, ದೀಪಕ್ಕೆ ಮನುಷ್ಯರದ್ದು. ಲೆಕ್ಕ ಸರಿಹೋಯಿತೆಂದು ಅವನು ನಂಬಿದ್ದ.

ಆದರೆ ಸರಿಹೋಗಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಅವನಿಗೆ ಜಗತ್ತೆಲ್ಲ ತನ್ನಂತೆಯೇ ಕಾಣತೊಡಗಿತ್ತು. ಖಾರದ ಪುಡಿ ಕಂಡರೆ ಇಟ್ಟಿಗೆ ಪುಡಿಯ ಯೋಚನೆ, ಚಹಾ ಕಂಡರೆ ಬಣ್ಣದ ಯೋಚನೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತು ಬರಿಯ ಅನ್ನ ಕಲಸಿ ಏಳುತ್ತಿದ್ದ. ತಂಗಿ ಮಜ್ಜಿಗೆ ಕೊಟ್ಟರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈ ಇಳಿದು ಅಂಗಿ ಜೋಲಾಡುತ್ತಿತ್ತು. ಡಾಕ್ಟರು ಏನೂ ಇಲ್ಲವೆಂದರು.

"ಅವ್ವಾರ, ಸಾಕಾಗೇತ್ರಿ," ಎಂದ. "ಯಾರ ಕೈಯಾಂದೂ ಉಣ್ಣಾಕ ಆಗವಲ್ದು. ಯಾರನ್ನೂ ನಂಬಾಕ ಆಗವಲ್ದು. ಹಿಂಗ ಎಷ್ಟು ದಿನಾ ಬದುಕ್ಲಿ?"

ತಾಯಿಯವರು ಮೊರ ಕೆಳಗಿಟ್ಟರು.

ಅಷ್ಟರಲ್ಲಿ ರೇಣವ್ವ ಬಂದಳು. ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು; ಮಗಳು ಹೆರಿಗೆಗೆ ಬಂದು ಬಾಣಂತಿಯಾಗಿದ್ದಳು. ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದಳು, ಬಂಗಾರದ ಬಣ್ಣದ ಚೀಟಿಯದ್ದು.

"ಅಂಟಿನುಂಡಿಗೆ ತಂದೀನ್ರಿ ಅವ್ವಾರ. ನಿಮ್ಮ ಕೈ ತಾಗಿಸಿ ಕೊಡ್ರಿ, ಕೂಸಿಗೆ ಹಾಲು ಹೆಚ್ಚಲಿ." ಆಮೇಲೆ ಅಡಿವೆಪ್ಪನನ್ನು ಕಂಡು ಮುಖವರಳಿಸಿದಳು. "ಅಯ್ಯ, ಸಾವಕಾರ್ರೂ ಇಲ್ಲೇ ಅದಾರ! ನಿಮ್ಮ ಅಂಗಡ್ಯಾಂದ ರೀ. ಬ್ಯಾರೇ ಕಡೆ ನಾ ಹೋಗೂದೇ ಇಲ್ಲ."

ತಾಯಿಯವರು ಡಬ್ಬಿಯ ಮುಚ್ಚಳ ತೆಗೆದರು. ಅಡಿವೆಪ್ಪ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನಾದ. ಅವರು ಡಬ್ಬಿಯನ್ನು ಮೂಸಿದರು, ಗಿಂಡಿಯನ್ನೂ ಮೂಸಿದರು. ದಿವ್ಯದೃಷ್ಟಿಯಿಂದ ಎಲ್ಲವನ್ನೂ ಅರಿತರೆಂದು ಭಕ್ತರು ಇಂದಿಗೂ ಹೇಳುತ್ತಾರೆ. ಮೂಗಿದ್ದರೆ ಸಾಕಿತ್ತು ಎಂದು ತಾಯಿಯವರೇ ಮುಂದೊಮ್ಮೆ ನಕ್ಕಿದ್ದರಂತೆ. ಮೆಲ್ಲಗೆ ಎದ್ದು ಹೋಗಿ ಡಬ್ಬಿಯಲ್ಲಿದ್ದುದನ್ನು ನಂದಾದೀಪಕ್ಕೆ ಎರೆದರು. ಗಿಂಡಿಯನ್ನು ತಂದು ರೇಣವ್ವನ ಉಡಿಯಲ್ಲಿಟ್ಟರು.

"ಅವ್ವಾರ, ಅದು ದೇವರದು!" ಎಂದು ಆಕೆ ಬೆದರಿದಳು.

"ದೀಪಕ್ಕ ಹೊಟ್ಟಿ ಇಲ್ಲವ್ವಾ," ಎಂದರು ತಾಯಿಯವರು. "ಬಾಣಂತಿಗೆ ಐತಿ."

ಅಷ್ಟೇ. ಅಡಿವೆಪ್ಪನತ್ತ ಅವರು ತಿರುಗಿಯೂ ನೋಡಲಿಲ್ಲ. ಅವನು ಸುಮ್ಮನೆ ಕೈಮುಗಿದು ಎದ್ದು ಹೋಗಬಹುದಿತ್ತು. ರೇಣವ್ವನಿಗೆ ಏನೂ ತಿಳಿದಿರಲಿಲ್ಲ. ಆದರೆ ಆಕೆ ಗಿಂಡಿಯನ್ನು ಎದೆಗವಚಿಕೊಂಡು ಅವನಿಗೇ ನಮಸ್ಕಾರ ಮಾಡಿದಳು. "ನಿಮ್ಮ ಪುಣ್ಯಾ ರೀ ಸಾವಕಾರ್ರ. ನೀವು ದೇವರಿಗೆ ತಂದಿದ್ದು ನನ್ನ ಮಗಳಿಗೆ ಬಂತು."

ಆ ನಮಸ್ಕಾರವನ್ನು ಅವನಿಗೆ ತಾಳಿಕೊಳ್ಳಲಾಗಲಿಲ್ಲ.

"ತಂಗೀ, ಡಬ್ಬ್ಯಾಗಿದ್ದದ್ದು ತುಪ್ಪ ಅಲ್ಲ," ಎಂದ. "ದೀಪಕ್ಕ ಹಚ್ಚೂ ಮಾಲು. ನಾನೇ ಚೀಟಿ ಹಚ್ಚೀನಿ."

ರೇಣವ್ವ ಅವನ ಮುಖ ನೋಡಿದಳು. ಬೈಯಲಿಲ್ಲ. ರಟ್ಟೆ ಸೋಲುವಷ್ಟು ರೊಟ್ಟಿ ಬಡಿದು ಕೊಂಡ ಡಬ್ಬಿ ಅದು. ಬೈಯುವ ತ್ರಾಣವಾದರೂ ಎಲ್ಲಿತ್ತು?

"ಮಗಳು ಮದಲಿನ ಡಬ್ಬಿ ತಿಂದು ಮುಗಿಸ್ಯಾಳಲ್ರೀ," ಎಂದಷ್ಟೇ ಕೇಳಿದಳು.

ಆಕೆ ಹೋದ ಮೇಲೆ ಅಡಿವೆಪ್ಪ ತಾಯಿಯವರ ಪಾದದ ಬಳಿ ಕುಸಿದು, ಪ್ರಾಯಶ್ಚಿತ್ತ ಹೇಳಿರೆಂದು ಬೇಡಿದ. ಗದ್ದುಗೆಗೆ ಬೆಳ್ಳಿ ಕವಚ ಮಾಡಿಸುತ್ತೇನೆ ಎಂದ. ಅಭ್ಯಾಸಬಲ, ಪಾಪ!

"ಗದ್ದಿಗಿ ಏನ್ ತಿಂದೈತಪ್ಪಾ?" ಎಂದರು ತಾಯಿಯವರು, ಬಹಳ ದಣಿದ ದನಿಯಲ್ಲಿ. "ತಿಂದವರಿಗೆ ಹೋಗಿ ಹೇಳು."

ಅವನು ಹೋದ. ಕೊಂಡವರ ಮನೆಮನೆಗೆ ಹೋಗಿ, ಉಳಿದಿದ್ದನ್ನು ವಾಪಸು ತಂದ. ಮುಖದ ಮೇಲೆ ಬಾಗಿಲು ಹಾಕಿದವರಿದ್ದರು, ಕೊರಳಪಟ್ಟಿ ಹಿಡಿದವರಿದ್ದರು. ಅಧಿಕಾರಿಗಳ ಮುಂದೆಯೂ ತಾನೇ ಹೋಗಿ ನಿಂತು ದಂಡ ತೆತ್ತ. ಅಂಗಡಿ ಬಿಕೋ ಎನ್ನತೊಡಗಿತು. ಈಗ ಟಿನ್ನುಗಳನ್ನು ಅಚ್ಚು ಕಾಣುವಂತೆ ಮುಂದಿಟ್ಟು ದೀಪಕ್ಕೆಂದೇ ಮಾರುತ್ತಿದ್ದ. ಉಣ್ಣುವ ತುಪ್ಪ ಮನೆಯಲ್ಲಿ ಆದಷ್ಟೇ. ಕೊಳ್ಳುವವರು ಮಾತ್ರ ಎರಡನ್ನೂ ಸಂಶಯದಿಂದ ನೋಡಿ ಮುಂದೆ ಹೋಗುತ್ತಿದ್ದರು. ಯಾರನ್ನೂ ನಂಬದವನ ಸರದಿ ತೀರಿ, ಯಾರೂ ನಂಬದವನ ಸರದಿ ಬಂದಿತ್ತು. ಆ ದಿನಗಳಲ್ಲಿ ಅವನು ಪಟ್ಟ ಸಂಕಟ ನೆನೆದರೆ ಅಯ್ಯೋ ಎನಿಸುತ್ತದೆ.

ಗುರುಕೃಪೆ, ಬಾಣಂತಿ-ಕೂಸು ಕ್ಷೇಮವಾಗಿದ್ದರು. ಕೂಸಿನ ತೊಟ್ಟಿಲ ದಿನ ಹತ್ತಿರವಾದಾಗ ಒಂದು ಸಂಜೆ ರೇಣವ್ವ ಅಂಗಡಿಯ ಮುಂದೆ ಬಂದು ನಿಂತಳು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಆಕೆ ಹಲಗೆಯ ಮೇಲಿದ್ದ ಟಿನ್ನಿನತ್ತ ಬೆರಳು ಮಾಡಿದಳು.

"ಇದು ಉಣ್ಣೂದೋ, ಹಚ್ಚೂದೋ?"

"ಹಚ್ಚೂದವ್ವಾ," ಎಂದ ಅಡಿವೆಪ್ಪ. ಮುಂಜಾನೆಯಿಂದ ಬಂದ ಮೊದಲ ಗಿರಾಕಿ ಆಕೆ. "ಉಣ್ಣೂದು ಮುಗದೈತಿ. ನಾಡದು ಬಾ."

ರೇಣವ್ವ ಟಿನ್ನಿನ ಅಚ್ಚು ನೋಡಲಿಲ್ಲ, ಮುಚ್ಚಳ ತೆಗೆಸಲಿಲ್ಲ.

"ಹಂಗಾರ ನಾಡದು ಬರ್ತೀನಿ, ತಗದಿಡ್ರಿ," ಎಂದು ಹೇಳಿ ಮನೆಯ ಹಾದಿ ಹಿಡಿದಳು.

ಅಡಿವೆಪ್ಪ ಮಠವಿರುವ ದಿಕ್ಕಿಗೆ ಕೈಮುಗಿದ. ಆಮೇಲೆ ಅಂಗಡಿಯ ಹೊಸ್ತಿಲ ಮೇಲೆ, ಪೇಟೆಯವರೆಲ್ಲ ನೋಡುತ್ತಿರುವಂತೆಯೇ, ಕೂತು ಅತ್ತುಬಿಟ್ಟ.