ನಾಟಕಕ್ಕೆ ಹಾಡು ಕಟ್ಟಿದವನು

ಶಿಷ್ಯ ಚನ್ನವೀರ ಒಂದು ದಿನ ಗುರುಗಳನ್ನು ಕೇಳಿದ: “ಗುರುಗಳೇ, ಮಠದಲ್ಲಿ ಉಳಿದವರೆಲ್ಲ ಶಾಸ್ತ್ರಗ್ರಂಥಗಳಿಗೆ ಟೀಕೆ ಬರೆಯುತ್ತಿದ್ದಾರೆ. ನಾನು ಮಕ್ಕಳಿಗೆ ಪದ್ಯ ಬರೆಯುತ್ತೇನೆ. ಅದು ಹಗುರವಾದ ಕೆಲಸ ಎನ್ನುತ್ತಾರೆ. ಬಿಟ್ಟುಬಿಡಲೇ?”

ಗುರುಗಳು ಹೇಳಿದರು:

ಒಂದು ನಾಟಕ ಕಂಪನಿಯಲ್ಲಿ ಹಾಡು ಕಟ್ಟುವವನೊಬ್ಬನಿದ್ದ. ರುದ್ರಮುನಿ ಎಂದು ಹೆಸರು. ಹನ್ನೆರಡು ವರ್ಷ ಶಾಸ್ತ್ರೀಯ ಸಂಗೀತ ಕಲಿತಿದ್ದ. ಕಛೇರಿಗೆ ಕೂರಬೇಕಾದ ವಯಸ್ಸಿನಲ್ಲಿ ಕಂಪನಿ ಸೇರಿ ನಗೆನಾಟಕಗಳಿಗೆ ಹಾಡು ಕಟ್ಟತೊಡಗಿದ. ಜೊತೆಗೆ ಕಲಿತವರು ಅವನನ್ನು ಮಾತನಾಡಿಸುವುದನ್ನೇ ಬಿಟ್ಟರು.

ಉಪ್ಪಿಲ್ಲದ ಸಾರಿಗಾಗಿ ಗಂಡ ಹೆಂಡತಿ ಜಗಳವಾಡುವ ಒಂದು ಹಾಡಿಗೆ ಅವನು ಒಂಬತ್ತು ಮಟ್ಟು ಹಾಕಿ ಒಂಬತ್ತನ್ನೂ ಕೈಬಿಟ್ಟ. ಹತ್ತನೆಯದನ್ನು ಕಂಪನಿಯ ಅಡುಗೆಯವಳ ಮುಂದೆ ಹಾಡಿದ. ಅವಳು ರೊಟ್ಟಿ ತಟ್ಟುತ್ತಲೇ ಎರಡನೆಯ ಸಾಲಿಗೆ ದನಿಗೂಡಿಸಿದಳು. ಅದನ್ನೇ ಇಟ್ಟುಕೊಂಡ.

ಮೂವತ್ತು ವರ್ಷಗಳಲ್ಲಿ ನಲವತ್ತು ನಾಟಕಗಳಾದವು. ಕಂಪನಿ ಒಂದು ಊರು ಮುಟ್ಟುವ ಮೊದಲೇ ಅವನ ಹಾಡು ಅಲ್ಲಿಗೆ ಮುಟ್ಟಿರುತ್ತಿತ್ತು.

ಆಗ ವಿದ್ವಾಂಸರ ಸಭೆ ಅವನಿಗೊಂದು ಬಿರುದು ಕೊಡಲು ನಿಶ್ಚಯಿಸಿತು. ಅವನು ಎಳವೆಯಿಂದ ಬಯಸಿದ್ದ ಬಿರುದು ಅದು. ಸಭೆಯ ಅಧ್ಯಕ್ಷರು ಅವನ ಜೊತೆಗೇ ಕಲಿತವರು. ಅವರು ಮನೆಗೆ ಬಂದು, ಸಭೆಯಲ್ಲಿ ರಾಗ ಹಾಡಿದರೆ ಸಾಕು, ನಾಟಕದ ಮಾತು ಎತ್ತುವುದು ಬೇಡ, ಬಿನ್ನವತ್ತಳೆಯಲ್ಲೂ ಅದು ಇರುವುದಿಲ್ಲ ಎಂದರು. ಅವನ ಮರ್ಯಾದೆಗಾಗಿಯೇ ಹೀಗೆ ಮಾಡಿದ್ದೇವೆ ಎಂದೂ ಹೇಳಿದರು.

ರುದ್ರಮುನಿ ಹೇಳಿದ: “ನನ್ನ ಮೂವತ್ತು ವರ್ಷಗಳನ್ನು ಬಾಗಿಲಾಚೆ ನಿಲ್ಲಿಸಿ ನಾನೊಬ್ಬನೇ ಒಳಗೆ ಬರಲಾರೆ.”

ಬಿರುದು ಇನ್ನೊಬ್ಬರಿಗೆ ಹೋಯಿತು. ಅವನಿಗೆ ನೋವಾಗಲಿಲ್ಲವೆಂದಲ್ಲ. ನಾಲ್ಕು ದಿನ ಹಾರ್ಮೋನಿಯಂ ಮುಟ್ಟಲಿಲ್ಲ. ಐದನೆಯ ದಿನ ಹೊಸ ನಾಟಕದ ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದು ಕುಳಿತ. ಮತ್ತೆ ಹತ್ತು ವರ್ಷ, ತಲೆಯೆತ್ತಿಕೊಂಡೇ, ಹಾಡು ಕಟ್ಟಿದ.

ಅವನು ತೀರಿಕೊಂಡ ದಿನ ಪೇಟೆಯ ಅಂಗಡಿಗಳನ್ನು ಯಾರೂ ಹೇಳದೆ ಮುಚ್ಚಿದರು. ಮೆರವಣಿಗೆ ಸಾಗಿದಂತೆ ಒಂದೊಂದು ಬೀದಿಯವರು ಅವನ ಒಂದೊಂದು ಹಾಡು ಹಾಡಿದರು. ನಗೆಯ ಹಾಡುಗಳನ್ನು ಅಳುತ್ತ ಹಾಡಿದರು. ಜೊತೆಯಲ್ಲಿ ನಡೆಯುತ್ತಿದ್ದ ಅಧ್ಯಕ್ಷರಿಗೂ ಎಲ್ಲ ಸಾಲುಗಳು ಬಾಯಿಗೆ ಬರುತ್ತಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ: “ಆದರೂ ಗುರುಗಳೇ, ಸಭೆಯವರು ಅಂದುಕೊಂಡದ್ದು ಸುಳ್ಳಲ್ಲವಲ್ಲ? ಆ ಹಾಡುಗಳು ಹಗುರವಾಗಿಯೇ ಇದ್ದವು.”

“ಇದ್ದವು, ಅದಕ್ಕೇ ಅಷ್ಟು ಜನ ಅವನ್ನು ಬದುಕಿನುದ್ದಕ್ಕೂ ಹೊತ್ತು ನಡೆದರು,” ಎಂದರು ಗುರುಗಳು.