ಪಂಜರದೊಳಗಿನ ಬಹುಮತ

ಕಾಡುಬೆಕ್ಕಿನ ಕಾಟ ತಾಳಲಾರದೆ ದೇಶದ ಕೋಳಿಗಳೆಲ್ಲ ಸೇರಿ, ಕಾವಲಿಗೊಬ್ಬ ನಾಯಕ ಬೇಕೆಂದು ಚುನಾವಣೆ ನಡೆಸಿದವು. ಗೆದ್ದು ಬಂದ ನಲವತ್ತು ಹೇಂಟೆಗಳಲ್ಲಿ ಇಪ್ಪತ್ತು ಕೆಂಪು ಹುಂಜದ ಕಡೆ, ಇಪ್ಪತ್ತು ಕರಿ ಹುಂಜದ ಕಡೆ. ಸರ್ಕಾರ ಆಗಲಿಲ್ಲ. ಬೆಕ್ಕು ಮಾತ್ರ ದಿನಾ ಬರುತ್ತಿತ್ತು.

ಕರಿ ಹುಂಜ ಕಾಳು ಹಾಕಿ ತನ್ನವರನ್ನು ಸೆಳೆದೀತೆಂದು ಹೆದರಿದ ಕೆಂಪು ಹುಂಜ, ಅವರನ್ನೆಲ್ಲ ಕರೆದುಕೊಂಡು ಕೋಳಿ ಅಂಗಡಿಯ ಪಂಜರದ ಬಳಿಗೆ ಹೋಯಿತು. "ನಮ್ಮವರು ಇಲ್ಲಿ ಭದ್ರವಾಗಿರುತ್ತಾರೆಯೇ?" ಎಂದು ಕೇಳಿತು.

"ನನ್ನೊಳಗೆ ಬಂದ ಒಬ್ಬರೂ ಇದುವರೆಗೆ ಪಕ್ಷ ಬದಲಿಸಿಲ್ಲ," ಎಂದಿತು ಪಂಜರ.

"ಸ್ವಾಮಿ, ಇದು ಮಾಂಸದಂಗಡಿ," ಎಂದಿತು ಒಂದು ಮುದಿ ಹೇಂಟೆ.

"ಆದರೇನು? ಬೀಗ ಗಟ್ಟಿಯಾಗಿದೆ. ಒಳಗೆ ನಡಿ," ಎಂದು ಗದರಿದ ಹುಂಜ, ಕಾವಲಿಗೆಂದು ತಾನೂ ಒಳಹೊಕ್ಕಿತು. ಸುದ್ದಿ ತಿಳಿದದ್ದೇ ತಡ, ಕರಿ ಹುಂಜ ತನ್ನವರೊಂದಿಗೆ ಪಕ್ಕದ ಪಂಜರ ಸೇರಿತು.

ಭಾನುವಾರ ಬಂತು. ಅಂಗಡಿಯವನು ಯಾರ ಪಕ್ಷವನ್ನೂ ಕೇಳಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದ. ಆಚೆ ಪಂಜರದಿಂದ ಒಂದು ಹೋದಾಗಲೆಲ್ಲ ಈಚೆಯವರು "ಅವರದು ಒಂದು ಕಡಿಮೆಯಾಯಿತು!" ಎಂದು ರೆಕ್ಕೆ ಬಡಿದರು. ಈಚೆಯಿಂದ ಹೋದಾಗ ಆಚೆಯವರು ಬಡಿದರು. ಮುದಿ ಹೇಂಟೆ ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಪಂಜರ ಖಾಲಿಯಾಯಿತು. ಇಲ್ಲಿ ಉಳಿದದ್ದು ಕೆಂಪು ಹುಂಜ ಒಂದೇ.

"ಬಹುಮತ ನನ್ನದೇ!" ಎಂದು ಅದು ಕತ್ತೆತ್ತಿ ಕೂಗಿತು.

"ನಿಜ, ಮಹಾಪ್ರಭು," ಎಂದಿತು ಪಂಜರ, ಬಾಗಿಲು ತೆರೆಯುತ್ತಾ. "ತಮ್ಮನ್ನು ಕರೆಯಲು ಬಂದಿದ್ದಾರೆ."